ಕೈ ಬಿಗಿ ಇರುವಾಗ ವಂಡರ್‌ಲಾ: ದುಡ್ಡು ಸೋರುವುದು ಎಲ್ಲಿ?

ಸಂಬಳ ಏರದ, ಕೆಲಸಕ್ಕೂ ಭರವಸೆ ಇಲ್ಲದ ವರ್ಷದಲ್ಲಿ ನೀರಿನ ಆಟಗಳೂ ಇರುವ ಬಿಡದಿಯ ಮನರಂಜನಾ ಪಾರ್ಕ್ ವಂಡರ್‌ಲಾಗೆ ಹೋಗಬಹುದೇ? ಸಾಲ ಮಾಡದೆ, ವಾರದ ನಡುವೆ ಹೋದರೆ ಖಂಡಿತ. ಶನಿವಾರ, ಭಾನುವಾರ ದರವೂ ಹೆಚ್ಚು, ಸಾಲೂ ಉದ್ದ. ಅರ್ಧ ದಿನ ನಿಂತೇ ಕಳೆದರೆ ಕೊಟ್ಟ ಕಾಸು ದಂಡ.

ಮಕ್ಕಳ ಟಿಕೆಟ್‌ಗೆ ವಯಸ್ಸಲ್ಲ, ಎತ್ತರ ಲೆಕ್ಕ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ, ಚಪ್ಪಲಿ ತೆಗೆಸಿ ಟೇಪಿನಲ್ಲಿ ಅಳೆಯಿರಿ: 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಉಚಿತ, 140ರವರೆಗೆ ಮಕ್ಕಳ ದರ.

ನಿಜವಾಗಿ ಜೇಬು ಖಾಲಿ ಮಾಡುವುದು ಒಳಗಿನ ಖರ್ಚು. ಹತ್ತಿ ಬಟ್ಟೆಯಲ್ಲಿ ನೀರಿಗಿಳಿಯಲು ಬಿಡುವುದಿಲ್ಲ. ನೈಲಾನ್ ಉಡುಪು, ಟವೆಲ್ ಮನೆಯಿಂದಲೇ ಒಯ್ಯಿರಿ. ಇಲ್ಲದಿದ್ದರೆ ಮನೆಯವರೆಲ್ಲರಿಗೂ ಅಲ್ಲೇ ಕೊಳ್ಳಬೇಕು. ಬುತ್ತಿ ಒಳಗೆ ಬಿಡುವುದಿಲ್ಲವಾದ್ದರಿಂದ ಬಿಡದಿಯಲ್ಲೇ ತಟ್ಟೆ ಇಡ್ಲಿ ಹೊಟ್ಟೆ ತುಂಬ ತಿಂದುಕೊಳ್ಳಿ. ಇಡೀ ಮನೆಗೆ ಒಂದೇ ಲಾಕರ್ ಸಾಕು.