ಸಣ್ಣ ದೇಶದ ಮಾತು ಯಾರು ಕೇಳ್ತಾರೆ?

ನಾನು ಮಂಗಳೂರಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಪುತ್ತೂರು, ಸುಳ್ಯ ಕಡೆಯ ಅಡಿಕೆ ಬೆಳೆಗಾರರು ಸಿಕ್ಕಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಲ್ಲ ಮಾರಾಯ್ರೇ, ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕ, ಯುರೋಪ್ ಹೇಳಿದ್ದೇ ನಡೆಯುವುದಲ್ವಾ? ಸಣ್ಣ ದೇಶಗಳು ಅಲ್ಲಿ ಕೂತು ಏನು ಪ್ರಯೋಜನ?"

ಪ್ರಯೋಜನ ಇದೆ. ಬೇಕಾದ್ದೆಲ್ಲ ಸಿಗುವುದಿಲ್ಲ, ಅಷ್ಟೇ.

ದೇಶಗಳ ನಡುವಿನ ವ್ಯಾಪಾರಕ್ಕೆ ನಿಯಮ ಮಾಡುವ ಜಿನೀವಾದ ಆ ಸಂಸ್ಥೆಯಲ್ಲಿ ಈಗ 166 ಸದಸ್ಯರಿದ್ದಾರೆ. ಅಲ್ಲಿ ಮತ ಎಣಿಸಿ ತೀರ್ಮಾನ ಮಾಡುವ ರೂಢಿ ಇಲ್ಲ. ಸಭೆಯಲ್ಲಿರುವ ಯಾರೂ ಬೇಡ ಅನ್ನದಿದ್ದರೆ ಮಾತ್ರ ಒಪ್ಪಂದ. ಹಾಗಾಗಿ ಬೇಡ ಎನ್ನುವ ಹಕ್ಕು ಸಣ್ಣವರಿಗೂ ಇದೆ. ಆದರೆ ಸಾಲ, ನೆರವು ಎಲ್ಲ ದೊಡ್ಡವರ ಕೈಯಲ್ಲಿರುವಾಗ ಒಬ್ಬರೇ ಎದ್ದು ನಿಂತು ಹಾಗೆ ಹೇಳುವುದು ಸುಲಭವಲ್ಲ.

2003ರಲ್ಲಿ ಆಫ್ರಿಕಾದ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ಒಟ್ಟಾದವು. ನಾಲ್ಕೂ ಬಡ ದೇಶಗಳು. ಅಲ್ಲಿ ಲಕ್ಷಾಂತರ ಕುಟುಂಬಗಳ ಕೈಗೆ ನಾಲ್ಕು ಕಾಸು ಬರುವುದು ಹತ್ತಿಯಿಂದ. ಅಮೆರಿಕದಲ್ಲಿ ಆಗ ಹತ್ತಿ ಬೆಳೆಯುತ್ತಿದ್ದವರು ಸುಮಾರು 25 ಸಾವಿರ ಮಂದಿ. ಅವರಿಗೆ ಅಲ್ಲಿನ ಸರ್ಕಾರ ನೂರಾರು ಕೋಟಿ ಡಾಲರ್ ಸಬ್ಸಿಡಿ ಕೊಡುತ್ತಿತ್ತು. ಮಾರುಕಟ್ಟೆಯಲ್ಲಿ ಧಾರಣೆ ಬಿದ್ದರೂ ಅವರು ಬೆಳೆಯುವುದನ್ನು ಕಡಿಮೆ ಮಾಡಬೇಕಾಗಿರಲಿಲ್ಲ. ಆ ಹತ್ತಿ ಬಂದು ಬಿದ್ದು ಬೆಲೆ ಇನ್ನೂ ಕುಸಿಯುತ್ತಿತ್ತು. ಬುರ್ಕಿನಾ ಫಾಸೊದ ಅಧ್ಯಕ್ಷ ಬ್ಲೇಸ್ ಕಂಪಾವೊರೆ ಜೂನ್‌ನಲ್ಲಿ ತಾವೇ ಜಿನೀವಾಕ್ಕೆ ಹೋಗಿ ಮಾತಾಡಿದರು. ಅವರು ಕೇಳಿದ್ದು ಭಿಕ್ಷೆಯಲ್ಲ. ನೀವೇ ಮಾಡಿದ ಮುಕ್ತ ವ್ಯಾಪಾರದ ನಿಯಮವನ್ನು ನೀವೂ ಪಾಲಿಸಿ ಎಂಬುದು ಅವರ ಮಾತಿನ ಸಾರ.

ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೋದ ಕಾನ್‌ಕೂನ್‌ನಲ್ಲಿ ಸಂಸ್ಥೆಯ ಸಭೆ. ಅಲ್ಲಿ ಬಂದ ಕರಡಿನಲ್ಲಿ ಸಬ್ಸಿಡಿ ನಿಲ್ಲಿಸುವ ಮಾತೇ ಇರಲಿಲ್ಲ. ಹತ್ತಿಯನ್ನೇ ನಂಬಿದ ದೇಶಗಳು ಬೇರೆ ಕಸುಬಿನ ಕಡೆ ಹೊರಳಲು ನೆರವು ಕೊಡೋಣ ಎಂಬ ಧಾಟಿ ಇತ್ತು. ಇದನ್ನು ಹೇಳಿದರೆ ನಮ್ಮ ಬೆಳೆಗಾರರಿಗೆ ಬೇರೆ ವಿವರಣೆ ಬೇಡ. ಅಡಿಕೆ ಬಿಟ್ಟು ಬೇರೇನಾದರೂ ಬೆಳೆಯಿರಿ ಎಂಬ ಉಪದೇಶವನ್ನು ಅವರೂ ಎಷ್ಟು ಸಲ ಕೇಳಿಲ್ಲ! ಐದಾರು ವರ್ಷ ನೀರು ಗೊಬ್ಬರ ಹಾಕಿ ಫಸಲಿಗೆ ತಂದ ತೋಟದ ಬಗ್ಗೆ ಅಷ್ಟು ಸಲೀಸಾಗಿ ಹೇಳುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ.

ಕಾನ್‌ಕೂನ್ ಮಾತುಕತೆ ಮುರಿದು ಬಿತ್ತು. ಹತ್ತಿಯ ಜೊತೆ ಬೇರೆ ಕಾರಣಗಳೂ ಇದ್ದವು. ಆದರೆ ಆ ನಾಲ್ಕು ದೇಶಗಳು ತಮ್ಮ ಬೇಡಿಕೆ ಬಿಡಲಿಲ್ಲ. 2005ರಲ್ಲಿ ಹಾಂಕಾಂಗ್‌ನಲ್ಲಿ, ಶ್ರೀಮಂತ ದೇಶಗಳು ಹತ್ತಿಯ ರಫ್ತು ಸಬ್ಸಿಡಿಯನ್ನು 2006ರಲ್ಲಿ ನಿಲ್ಲಿಸಬೇಕೆಂದು ತೀರ್ಮಾನವಾಯಿತು. ಬೆಳೆಗಾರರಿಗೆ ದೇಶದೊಳಗೆ ಕೊಡುವ ಸಬ್ಸಿಡಿ ಮಾತ್ರ ಇವತ್ತಿಗೂ ಇತ್ಯರ್ಥವಾಗಿಲ್ಲ. ದೊಡ್ಡ ನೋವು ಇದ್ದದ್ದೇ ಅಲ್ಲಿ. ಇದೇ ವಿಷಯದಲ್ಲಿ ಬ್ರೆಜಿಲ್ ಅದೇ ಸಂಸ್ಥೆಯಲ್ಲಿ ಅಮೆರಿಕದ ಮೇಲೆ ದಾವೆ ಹೂಡಿ ಗೆದ್ದಿತು. 2014ರಲ್ಲಿ ರಾಜಿಯಾಗಿ 30 ಕೋಟಿ ಡಾಲರ್ ಬಂದದ್ದು ಬ್ರೆಜಿಲ್‌ನ ಹತ್ತಿಯವರಿಗೆ. ಆ ದಾವೆಯಲ್ಲಿ ಬೆನಿನ್, ಚಾಡ್ ಕೂಡ ದನಿ ಸೇರಿಸಿದ್ದವು, ಅವರಿಗೆ ಆ ಹಣ ಸಿಗಲಿಲ್ಲ. ಇದು ಅನ್ಯಾಯ ಎಂದೇ ನಾನು ಹೇಳುವುದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ. "ಹಾಗಾದರೆ ಭೂತಾನ್‌ಗೆ ಯಾಕೆ ಬಿಟ್ಟುಕೊಟ್ಟದ್ದು?" 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಅನುಮತಿ ಕೊಟ್ಟಿತು. ಕನಿಷ್ಠ ಆಮದು ಬೆಲೆಯ, ಅಂದರೆ ಇಷ್ಟಕ್ಕಿಂತ ಕಡಿಮೆ ಬೆಲೆಗೆ ಹೊರಗಿಂದ ತರಿಸುವಂತಿಲ್ಲ ಎಂಬ ಷರತ್ತೂ ಅದಕ್ಕಿಲ್ಲ. ಆದರೆ ಭಾರತದ ಬೆಳೆ ಹತ್ತು ಲಕ್ಷ ಟನ್ನಿಗೂ ಜಾಸ್ತಿ. ಹಸಿ ಅಡಿಕೆ ಒಣಗಿ, ಸುಲಿದ ಮೇಲೆ ತೂಕ ತುಂಬಾ ಇಳಿಯುತ್ತದೆ ಬೇರೆ. ಭೂತಾನ್ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ಕೂಡ ಅಲ್ಲ, ಗಡಿ ದಾಟಿದರೆ ಅಲ್ಲಿನ ಬೆಳೆಗಾರನಿಗೆ ಸಿಗುವುದು ನಮ್ಮದೇ ಮಾರುಕಟ್ಟೆ. ಅವನ ಮೇಲೆ ಸಿಟ್ಟು ಮಾಡಿ ನಮ್ಮ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ಧಾರಣೆ ಏರುವುದಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿತು. ಬೇರೆ ದೇಶದ ಅಡಿಕೆ ನೆರೆಯ ದೇಶದ ಹೆಸರು ಹಾಕಿಕೊಂಡು, ಸುಂಕದ ರಿಯಾಯಿತಿ ಪಡೆದು ಒಳಗೆ ಬರುತ್ತದೆ ಎಂಬ ದೂರು ಮಾತ್ರ ಹಳೆಯದು. ಆ ಅಡಿಕೆ ನಿಜವಾಗಿ ಎಲ್ಲಿ ಬೆಳೆದದ್ದು ಎಂದು ಬಂದರಿನಲ್ಲಿ ಗಟ್ಟಿಯಾಗಿ ನೋಡಲಿ. ನಮ್ಮ ಬೆಳೆಗಾರರ ಸಂಘಗಳು ದೆಹಲಿಗೆ ಹೋದಾಗ ಆ ಒಂದನ್ನೇ ಹಿಡಿದು ಕೂರಬೇಕು, ಆ ನಾಲ್ಕು ದೇಶಗಳು ಹತ್ತಿಯನ್ನು ಹಿಡಿದು ಕೂತ ಹಾಗೆ.