ಎಂಟು ಇಂಚಿನ ರಿಮ್, 225ರ ಟೈರ್, ನಾನು ಮರೆತ ಹುಡುಗರು

ನಾನು ಟೈರ್ ಕೆಲಸ ಕಲಿತದ್ದು ಬೆಂಗಳೂರಿನ ಜೆ.ಸಿ. ರಸ್ತೆ ಪಕ್ಕದ ಒಂದು ಗಲ್ಲಿಯಲ್ಲಿ. ಈಗ ಕೆಲಸ ಮಾಡುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ಹಳೆಯ ಕಾರುಗಳ ಒಂದು ಸಣ್ಣ ಗ್ಯಾರೇಜಿನಲ್ಲಿ. ಇಲ್ಲಿ ಬರುವ ಗಾಡಿಗಳ ಬೆಲೆ ಜಾಸ್ತಿ. ಅದರ ಜೊತೆ ತಪ್ಪು ಮಾಡಿದಾಗ ಬೀಳುವ ಬರೆಯೂ ಜಾಸ್ತಿ. ಅಂಥದೊಂದು ಬರೆಯ ಕಥೆ ಇದು.

ಗಾಡಿ 1972ರ ಡಾಟ್ಸನ್ 240ಝಡ್. ಇಲ್ಲಿಯವರು 'ಟೂ ಫಾರ್ಟಿ ಝೀ' ಅನ್ನುತ್ತಾರೆ. ನಿಸಾನ್ ಕಂಪನಿ ಜಪಾನಿನಲ್ಲಿ ಫೇರ್‌ಲೇಡಿ ಝಡ್ ಅಂತ ಮಾರಿದ ಕಾರು. ಈ ಮಾದರಿ ಮೊದಲ ಸಲ ಅಮೆರಿಕಕ್ಕೆ ಬಂದಾಗ ಬೆಲೆ 3,526 ಡಾಲರ್. ಆರು ಸಿಲಿಂಡರಿನ 2.4 ಲೀಟರ್ ಎಂಜಿನ್, ಎರಡೇ ಸೀಟು, ಉದ್ದ ಮೂತಿ. ಈಗಿನ ಕಾರುಗಳ ಪಕ್ಕ ನಿಲ್ಲಿಸಿದರೆ ಮಗುವಿನ ಹಾಗೆ ಕಾಣುತ್ತದೆ, ತೂಕ ಒಂದು ಟನ್ನಿಗೆ ಸ್ವಲ್ಪ ಮೇಲೆ ಅಷ್ಟೇ. ಕಾರ್ಖಾನೆಯಿಂದ ಬಂದ ಚಕ್ರ ಇನ್ನೂ ಚಿಕ್ಕದು: 14 ಇಂಚಿನ ರಿಮ್, ಅಗಲ ನಾಲ್ಕೂವರೆ ಇಂಚು, ಮೇಲೆ 175ರ ಟೈರ್, ಅಂದರೆ 175 ಮಿ.ಮೀ. ಅಗಲದ್ದು. ಇವತ್ತು ನಮ್ಮೂರ ಮಧ್ಯಮ ದರ್ಜೆಯ ಫ್ಯಾಮಿಲಿ ಕಾರಿಗೂ ಅದಕ್ಕಿಂತ ಅಗಲದ ಟೈರ್ ಇರುತ್ತದೆ ಅಲ್ವಾ?

ಹಾಗಾಗಿ ಈ ಗಾಡಿ ಕೊಂಡವರು ಮೊದಲು ಬದಲಾಯಿಸುವುದೇ ಚಕ್ರವನ್ನು. ನಮ್ಮ ಗಿರಾಕಿಯೂ ಹಾಗೇ. ನಿವೃತ್ತರು, ಮೆತ್ತಗಿನ ಮನುಷ್ಯ. ಗಾಡಿ ಕಿತ್ತಳೆ ಬಣ್ಣದ್ದು, 918 ನಂಬರಿನ ಪೇಂಟ್, ಅದೂ ಕಾರ್ಖಾನೆಯಲ್ಲಿ ಹೊಡೆದದ್ದೇ. ಡಿಕ್ಕಿಯಲ್ಲಿ ನಾಲ್ಕು ಹೊಸ ಅಲಾಯ್ ಇಟ್ಟುಕೊಂಡು ಬಂದರು. ಎಂಟು ಕಡ್ಡಿಯ ಜಪಾನಿ ಚಕ್ರ, 15 ಇಂಚು, ಅಗಲ 8 ಇಂಚು, ಆಫ್‌ಸೆಟ್ ಸೊನ್ನೆ, ಅಂದರೆ ಚಕ್ರವನ್ನು ಗಾಡಿಗೆ ಬಿಗಿಯುವ ಮುಖ ರಿಮ್ಮಿನ ಅಗಲದ ಸರಿ ನಡುವೆ. "ಇದಕ್ಕೆ ಸರಿಯಾದ ಟೈರ್ ಹಾಕಿಕೊಡಿ. ಫೆಂಡರ್ ಮಾತ್ರ ಮುಟ್ಟಬೇಡಿ, ಅದು ಹಳೇ ಪೇಂಟು" ಅಂದರು. ಫೆಂಡರ್ ಅಂದರೆ ಚಕ್ರದ ಮೇಲಿನ ಮಡ್‌ಗಾರ್ಡ್. ಆ ಎರಡು ಮಾತು ಒಂದಕ್ಕೊಂದು ಎಷ್ಟು ವಿರೋಧ ಅನ್ನುವುದು ನನಗೆ ಆವತ್ತು ಹೊಳೆಯಲಿಲ್ಲ.

ನಾನು ಮಾಡಿದ್ದು ಎಲ್ಲರೂ ಮಾಡುವ ಲೆಕ್ಕ. 8 ಇಂಚಿನ ರಿಮ್ಮಿಗೆ ಯಾವ ಟೈರ್ ಒಪ್ಪುತ್ತದೆ ಅಂತ ಕ್ಯಾಟಲಾಗ್ ತೆಗೆದೆ. ಟೈರ್ ಸೈಜಿನಲ್ಲಿ ಮೊದಲ ಅಂಕಿ ಮಿ.ಮೀ.ನಲ್ಲಿ ಅಗಲ, ಎರಡನೆಯದು ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ, ಕೊನೆಯದು ರಿಮ್ಮಿನ ಇಂಚು. 205/60ಆರ್15ಕ್ಕೆ ರಿಮ್ ಐದೂವರೆಯಿಂದ ಏಳೂವರೆ ಇಂಚಿನವರೆಗೆ. ಅರ್ಧ ಇಂಚು ಕಮ್ಮಿ ಬಿತ್ತು, ಬಿಟ್ಟೆ. 225/50ಆರ್15 ಕೂರುತ್ತದೆ, ಆದರೆ ಎತ್ತರ ಸಾಲದು. 225ರ ಅರ್ಧ ಅಂದರೆ 112.5, ಎರಡು ಕಡೆ ಸೇರಿ 225, ರಿಮ್ಮಿನ 381 ಕೂಡಿಸಿದರೆ 606 ಮಿ.ಮೀ. ಹಳೆಯ 175ರ ಟೈರ್ ಸುಮಾರು 643 ಇತ್ತು. ಶೇಕಡಾ ಆರರಷ್ಟು ಗಿಡ್ಡ. ಸ್ಪೀಡೋಮೀಟರ್ ನೂರು ತೋರಿಸುವಾಗ ಗಾಡಿ ಓಡುವುದು 94. ಈ ಗಾಡಿಗೆ ನಾಲ್ಕೇ ಗೇರ್ ಬೇರೆ. ಹೈವೇಯಲ್ಲಿ ಗಂಟೆಗೆ 65 ಮೈಲಿ ಹೋಗುವಾಗ ನಿಮಿಷಕ್ಕೆ ಸುಮಾರು 3,000 ಸಲ ಸುತ್ತುತ್ತಿದ್ದ ಎಂಜಿನ್ 3,180ರ ಹತ್ತಿರ ಸುತ್ತುತ್ತದೆ. ಕೇಳುವುದಕ್ಕೆ ಸಣ್ಣ ವ್ಯತ್ಯಾಸ. ಎರಡು ಗಂಟೆ ಕಿವಿ ಹತ್ತಿರ ಗುಂಯ್‌ಗುಟ್ಟಿದರೆ ಗೊತ್ತಾಗುತ್ತದೆ. ಮೇಲಾಗಿ ಮಡ್‌ಗಾರ್ಡ್ ಒಳಗೆ ದೊಡ್ಡ ಖಾಲಿ ಜಾಗ ಉಳಿದು ಗಾಡಿ ಅಪ್ಪನ ಅಂಗಿ ತೊಟ್ಟ ಹುಡುಗನ ಹಾಗೆ ಕಾಣುತ್ತದೆ.

ಉಳಿದದ್ದು 225/60ಆರ್15. ಎತ್ತರ 651, ಹಳೆಯದಕ್ಕೆ ಹತ್ತಿರ. ರಿಮ್ 6ರಿಂದ 8 ಇಂಚು, ಸರಿ. ಕ್ಯಾಟಲಾಗಿನಲ್ಲಿ ಅಗಲ 228 ಮಿ.ಮೀ. ಸೊನ್ನೆ ಆಫ್‌ಸೆಟ್ ಆದ್ದರಿಂದ ಅದರ ಅರ್ಧ, 114, ಹಬ್ಬಿನ (ಚಕ್ರ ಬಿಗಿಯುವ ಭಾಗದ) ಮುಖದಿಂದ ಹೊರಗೆ. ಹಿಂದಿನ ಫೆಂಡರಿನ ಅಂಚು 118ರಲ್ಲಿತ್ತು. ನಾಲ್ಕು ಮಿ.ಮೀ. ಜಾಗ. ಸಾಕು ಅಂದುಕೊಂಡೆ. ಆರ್ಡರ್ ಮಾಡಿದೆ, ಕೂರಿಸಿದೆ, ಬ್ಯಾಲೆನ್ಸ್ ಮಾಡಿದೆ, ಲಿಫ್ಟ್ ಮೇಲೆ ಇದ್ದಾಗಲೇ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿದೆ. ಒಬ್ಬನೇ ಕೂತು ಬೀದಿ ಸುತ್ತಿ ಬಂದೆ. ಏನೂ ಸದ್ದಿಲ್ಲ. ಗಿರಾಕಿ ಖುಷಿಯಾಗಿ ಫೋಟೋ ತೆಗೆದುಕೊಂಡು ಹೋದರು.

ಮೂರನೇ ದಿನ ಫೋನ್. ಹೆಂಡತಿಯನ್ನು ಕೂರಿಸಿಕೊಂಡು, ಹಿಂದೆ ಎರಡು ಬ್ಯಾಗ್ ಹಾಕಿಕೊಂಡು ಹೊರಟಿದ್ದಾರೆ. ಸ್ಕೈಲೈನ್ ಬುಲೆವಾರ್ಡಿನ ತಿರುವುಗಳಲ್ಲಿ ಹಿಂದಿನಿಂದ 'ಕರ್ರ್' ಅಂತ ಸದ್ದು. ಗಾಡಿ ತಂದಾಗ ನೋಡಿದರೆ ಎರಡೂ ಹಿಂದಿನ ಫೆಂಡರಿನ ಅಂಚಿನಲ್ಲಿ ಬೆರಳುದ್ದ ಪೇಂಟ್ ಎದ್ದಿತ್ತು. ಐವತ್ತು ವರ್ಷ ಉಳಿದಿದ್ದ ಪೇಂಟ್. ಮುಂದಿನ ಟೈರ್ ಸಹ ಪೂರ್ತಿ ತಿರುಗಿಸಿದಾಗ ಫೆಂಡರಿನ ಕೆಳಗಿನ ಮೂಲೆಗೆ ತಾಗುತ್ತಿತ್ತು. ಲಿಫ್ಟ್ ಮೇಲೆ ತಾಗದೇ ಇದ್ದದ್ದು ಯಾಕೆ ಅಂದರೆ, ಅಲ್ಲಿ ಚಕ್ರ ಜೋತುಬಿದ್ದಿರುತ್ತದೆ. ನೆಲದ ಮೇಲೆ ಗಾಡಿಯ ಭಾರ ಬಿದ್ದಾಗ ಅದು ನಿಲ್ಲುವ ಜಾಗವೇ ಬೇರೆ. ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಅದಕ್ಕೇ ಜಾಸ್ತಿ ನಾಚಿಕೆ ಆಯಿತು.

ನಮ್ಮ ಯಜಮಾನರು ಬೈಯಲಿಲ್ಲ. ಸಂಬಳದಲ್ಲೂ ಹಿಡಿಯಲಿಲ್ಲ. ಒಂದು ವಾರ ಸರಿಯಾಗಿ ಮಾತಾಡಲಿಲ್ಲ ಅಷ್ಟೇ. ರಿಮ್ಮಿಗೆ ಏರಿಸಿ ಓಡಿಸಿದ ಟೈರನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ತಪ್ಪು ಎಲ್ಲಿ ಆಯಿತು ಅಂತ ಆ ವಾರವೇ ಕೂತು ನೋಡಿದೆ. ಕ್ಯಾಟಲಾಗ್ ಸುಳ್ಳು ಹೇಳಿರಲಿಲ್ಲ. ಆ 228ರ ಪಕ್ಕದಲ್ಲೇ ಇನ್ನೊಂದು ಕಾಲಮ್ಮಿನಲ್ಲಿ, ಆ ಅಗಲವನ್ನು ಯಾವ ರಿಮ್ಮಿನ ಮೇಲೆ ಅಳೆದದ್ದು ಅಂತ ಬರೆದಿತ್ತು: ಆರೂವರೆ ಇಂಚು. ಟೈರ್ ಅಂದರೆ ಕಬ್ಬಿಣದ ಬಳೆ ಅಲ್ಲ. ಎರಡು ತುದಿಯನ್ನು ದೂರ ಎಳೆದರೆ ಹೊಟ್ಟೆಯೂ ಅಗಲ ಆಗುತ್ತದೆ. ರಿಮ್ ಅರ್ಧ ಇಂಚು ಅಗಲ ಆದರೆ ಟೈರ್ ಸುಮಾರು 5 ಮಿ.ಮೀ. ಹಿಗ್ಗುತ್ತದೆ, ಇದು ಟೈರ್ ಕೆಲಸದವರೆಲ್ಲ ಬಳಸುವ ಲೆಕ್ಕ. ಆರೂವರೆಯಿಂದ ಎಂಟಕ್ಕೆ ಮೂರು ಅರ್ಧ ಇಂಚು. 228ಕ್ಕೆ 15 ಸೇರಿ 243. ಅದರ ಅರ್ಧ 121.5. ಫೆಂಡರ್ ಅಂಚು 118ರಲ್ಲಿ. ನಾಲ್ಕು ಮಿ.ಮೀ. ಜಾಗ ಇದೆ ಅಂದುಕೊಂಡಲ್ಲಿ ಮೂರೂವರೆ ಮಿ.ಮೀ. ಸಾಲ ಇತ್ತು.

ತಮಾಷೆ ಅಂದರೆ, 225/50ರ ಅಗಲ ಕ್ಯಾಟಲಾಗಿನಲ್ಲಿ 233 ಅಂತ ಇದೆ. ನೋಡಿದವರು ಅದೇ ದಪ್ಪ ಅಂದುಕೊಳ್ಳುತ್ತಾರೆ. ಅದನ್ನು ಅಳೆದದ್ದು 7 ಇಂಚಿನ ರಿಮ್ಮಿನ ಮೇಲೆ. 8ಕ್ಕೆ ಏರಿಸಿದರೆ ಅದೂ 243. ಎರಡೂ ಒಂದೇ. ಅಳೆದ ರಿಮ್ ಯಾವುದು ಅಂತ ನೋಡದೆ ಅಗಲದ ಅಂಕಿ ನೋಡುವುದು, ತಕ್ಕಡಿ ನೋಡದೆ ತೂಕ ನಂಬಿದ ಹಾಗೆ. ಅದರ ಮೇಲೆ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಬೇರೆ. ಒಂದೇ ಸೈಜ್ ಬರೆದ ಎರಡು ಟೈರ್ ಪಕ್ಕಪಕ್ಕ ನಿಲ್ಲಿಸಿ ನೋಡಿ. ಒಂದರ ಭುಜ ದುಂಡಗಿರುತ್ತದೆ, ಇನ್ನೊಂದರದು ಚೌಕ. ಫೆಂಡರ್ ತಿನ್ನುವುದು ಚೌಕ ಭುಜದ್ದೇ.

ಗಿರಾಕಿಗಳನ್ನು ಕಾಡುವ ಇನ್ನೊಂದು ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. '8 ಇಂಚಿನ ರಿಮ್' ಅಂದರೆ ಟೈರಿನ ಎರಡು ತುಟಿ ಕೂರುವ ಜಾಗಗಳ ನಡುವಿನ ಅಳತೆ. ಹೊರಗಿನ ಅಂಚಿಂದ ಅಂಚಿಗೆ ಟೇಪ್ ಹಿಡಿದರೆ ಸುಮಾರು 9 ಬರುತ್ತದೆ. ಟೇಪ್ ಹಿಡಿದು '9 ಇಂಚಿನ ರಿಮ್ ಇದೆ' ಅಂತ ಫೋನಿನಲ್ಲಿ ಹೇಳುವವರು ತಿಂಗಳಿಗೆ ಒಬ್ಬರಾದರೂ ಸಿಗುತ್ತಾರೆ.

ಆದರೆ ಅಂಕಿಯ ತಪ್ಪು ಅರ್ಧ ಮಾತ್ರ. ಉಳಿದರ್ಧ ನೆನಪಾದದ್ದು ಬೆಂಗಳೂರಿಗೆ ಫೋನ್ ಮಾಡಿದಾಗ.

ನನಗೆ ಕೆಲಸ ಕಲಿಸಿದ ಉಸ್ತಾದ್ ಈಗ ಅಂಗಡಿ ಮಗನಿಗೆ ಬಿಟ್ಟಿದ್ದಾರೆ. ಆದರೂ ದಿನಾ ಬಂದು ಕೂರುತ್ತಾರೆ. ನಡೆದದ್ದೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: "ಹುಡುಗರನ್ನ ಕೂರಿಸಿದ್ಯಾ?"

ನಾನು ಸುಮ್ಮನಾದೆ.

ಆ ಕಾಲದಲ್ಲಿ ಕಾಲೇಜು ಹುಡುಗರು ಅಪ್ಪನ ಮಾರುತಿ 800 ತಂದು, 12 ಇಂಚಿನ 145ರ ಟೈರ್ ತೆಗೆದು, ಅಲಾಯ್ ಮತ್ತು ದಪ್ಪ ಟೈರ್ ಹಾಕಿಸುತ್ತಿದ್ದರು. ಟೈರ್ ಬಿಗಿದ ಮೇಲೆ ಉಸ್ತಾದ್ ಅಂಗಡಿಯ ಹುಡುಗರನ್ನೆಲ್ಲ ಕರೆಯುತ್ತಿದ್ದರು. ಮೂರು ಜನ ಹಿಂದಿನ ಸೀಟಿಗೆ, ಡಿಕ್ಕಿಯಲ್ಲಿ ಎರಡು ಹಳೇ ರಿಮ್. ಗಾಡಿಯನ್ನು ಗಲ್ಲಿ ಮೂಲೆಯ ಹಂಪ್ ಮೇಲೆ ಬೇಕೆಂದೇ ಜೋರಾಗಿ ಹಾರಿಸುವುದು. ಒಬ್ಬ ಹುಡುಗ ಕಿಟಕಿಯಿಂದ ತಲೆ ಹೊರಗಿಟ್ಟು ಕಿವಿಗೊಡಬೇಕು. ಆ ಹುಡುಗ ಎಷ್ಟೋ ಸಲ ನಾನೇ. ಸದ್ದು ಬಂದರೆ ಟೈರ್ ಬಿಚ್ಚು. ಉಸ್ತಾದರ ಬಳಿ ಕ್ಯಾಟಲಾಗ್ ಇರಲಿಲ್ಲ, ಇದ್ದರೂ ಓದುತ್ತಿರಲಿಲ್ಲ.

"ಎರಡೇ ಸೀಟಿನ ಗಾಡಿ ಉಸ್ತಾದ್" ಅಂದೆ, ಸಮಜಾಯಿಷಿ ಕೊಡುವ ಹಾಗೆ.

"ಎರಡು ಸೀಟಿದ್ರೆ ಎರಡು ಜನ ಕೂರಲ್ವೇನೋ?" ಅಂದರು.

ಆಮೇಲೆ ಕೆಲಸ ಮೊದಲಿಂದ ಶುರು. ಈ ಸಲ ಟೈರ್ ಇಲ್ಲದೆ. ಹಿಂದಿನ ಸ್ಪ್ರಿಂಗ್ ಎರಡೂ ಬಿಚ್ಚಿದೆ. ಬರೀ ರಿಮ್ ಹಾಕಿ ಕೆಳಗಿಂದ ಜ್ಯಾಕ್ ಕೊಟ್ಟು ಮೆಲ್ಲಗೆ ಎತ್ತಿದೆ. ಸ್ಪ್ರಿಂಗ್ ಇಲ್ಲದಿದ್ದರೆ ಚಕ್ರ ಪೂರ್ತಿ ಕೆಳಗಿಂದ ಪೂರ್ತಿ ಮೇಲಿನವರೆಗೆ ನಾವು ಹೇಳಿದ ಹಾಗೆ ಕೇಳುತ್ತದೆ. ಟೈರಿನ ಆಕಾರಕ್ಕೆ ರಟ್ಟು ಕತ್ತರಿಸಿ ರಿಮ್ಮಿಗೆ ಅಂಟಿಸಿದೆ. ಒಳಗಡೆ, ಸ್ಪ್ರಿಂಗ್ ಕೂರುವ ತಟ್ಟೆಯ ಜಾಗಕ್ಕೆ ಮಗಳು ಆಡುವ ಬಣ್ಣದ ಮಣ್ಣಿನ ಉಂಡೆ ಮೆತ್ತಿದೆ. ಈ ಗಾಡಿಯಲ್ಲಿ ಹೊರಗೆ ಫೆಂಡರ್ ಹೇಗೆ ಶತ್ರುವೋ ಒಳಗೆ ಆ ತಟ್ಟೆಯೂ ಹಾಗೇ. ಹೊರಗೆ ತಾಗುತ್ತದೆ ಅಂತ ಚಕ್ರವನ್ನು ಒಳಗೆ ತಳ್ಳಿದರೆ ಅಲ್ಲಿ ತಾಗುತ್ತದೆ. ಮಣ್ಣಿನ ಮೇಲೆ ಬಿದ್ದ ಗುರುತು ನೋಡಿದರೆ ಎಷ್ಟು ಜಾಗ ಉಳಿದಿದೆ ಅಂತ ಕಣ್ಣಿಗೇ ಕಾಣುತ್ತದೆ. ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಈ ಮಧ್ಯಾಹ್ನವನ್ನು ಮೊದಲೇ ಕೊಟ್ಟಿದ್ದರೆ ನಾಲ್ಕು ಟೈರ್ ಉಳಿಯುತ್ತಿತ್ತು.

ಗಿರಾಕಿಯ ಮುಂದೆ ದಾರಿಗಳು ಇದ್ದವು, ಯಾವುದೂ ಅವರಿಗೆ ಇಷ್ಟವಾದದ್ದಲ್ಲ. ಫೆಂಡರಿನ ಒಳ ಅಂಚನ್ನು ಬಿಸಿ ಮಾಡಿ ರೋಲರ್ ಕೊಟ್ಟು ಮಡಚಬಹುದು. ಹೊಸ ಪೇಂಟ್ ಆದರೆ ಬಾಗುತ್ತದೆ, ಐವತ್ತು ವರ್ಷದ್ದು ಬಿರುಕು ಬಿಡುವ ಸಾಧ್ಯತೆಯೇ ಹೆಚ್ಚು. ಅದು ಬೇಡ ಅಂದರು, ಸರಿಯೇ. 205ರ ಟೈರನ್ನೇ ಎಳೆದು 8 ಇಂಚಿಗೆ ಕೂರಿಸಿ ಅಂದರು. ಇಲ್ಲಿಯ ಹುಡುಗರು ಸ್ಟೈಲಿಗೆ ಅಂತ ಹಾಗೆ ಮಾಡುವುದು ಅವರು ನೋಡಿದ್ದರು. ನಾನು ಒಪ್ಪಲಿಲ್ಲ. ಟೈರಿನ ಗೋಡೆ ಓರೆಯಾಗಿ ಎಳೆದು ನಿಂತಾಗ, ತಿರುವಿನಲ್ಲಿ ಜೋರಾಗಿ ಒತ್ತಿದರೆ ಅಥವಾ ಗಾಳಿ ಸ್ವಲ್ಪ ಇಳಿದಿದ್ದರೆ, ತುಟಿ ರಿಮ್ಮಿನಿಂದ ಜಾರಬಹುದು. ಕೂರುವುದು ಬೇರೆ, ಕೂತು ಓಡುವುದು ಬೇರೆ. 16 ಇಂಚಿಗೆ ಹೋಗಿ 225/50 ಹಾಕಿದರೆ ಎತ್ತರ 631, ಸ್ಪೋರ್ಟ್ಸ್ ಟೈರುಗಳ ಆಯ್ಕೆಯೂ ಜಾಸ್ತಿ. ಆದರೆ ಅಗಲದ ಪಾಡು ಅದೇ. ಅಲ್ಲದೆ ಎಪ್ಪತ್ತರ ದಶಕದ ಗಾಡಿಗೆ 15ಕ್ಕಿಂತ ದೊಡ್ಡ ಚಕ್ರ ಅವರಿಗೆ ನೋಡಲಾಗದು. ನನಗೂ ಅಷ್ಟೇ.

ಕೊನೆಗೆ ನಾನು ಹೇಳಿದ್ದು: ಚಕ್ರವನ್ನೇ ಬದಲಾಯಿಸಿ. ಅದೇ ಮಾದರಿ, 15 ಇಂಚು, ಸೊನ್ನೆ ಆಫ್‌ಸೆಟ್, ಅಗಲ 7. ಮೇಲೆ 205/60ಆರ್15. ಅದನ್ನು ಅಳೆಯುವುದು 6 ಇಂಚಿನ ರಿಮ್ಮಿನಲ್ಲಿ, 209. ಏಳಕ್ಕೆ 219. ಅರ್ಧ ಮಾಡಿದರೆ 109.5. ಫೆಂಡರ್ ಅಂಚಿಗೆ ಎಂಟೂವರೆ ಮಿ.ಮೀ. ಜಾಗ. ಎತ್ತರ 627, ಹಳೆಯದಕ್ಕಿಂತ ಶೇಕಡಾ ಎರಡೂವರೆ ಕಮ್ಮಿ. 91 ಎಚ್ ಅಂತ ಬರೆದ ಟೈರ್: ಒಂದೊಂದು 615 ಕೆ.ಜಿ. ಹೊರುತ್ತದೆ, ಗಂಟೆಗೆ 210 ಕಿ.ಮೀ.ವರೆಗೆ ತಾಳುತ್ತದೆ. ಒಂದು ಟನ್ ಗಾಡಿಗೆ ಬೇಕಾದಷ್ಟಾಯಿತು. ಪವರ್ ಸ್ಟೀರಿಂಗ್ ಇಲ್ಲದ ಗಾಡಿ ಇದು. 225 ಹಾಕಿದಾಗ ಪಾರ್ಕಿಂಗ್ ಮಾಡುವುದೇ ಅವರ ಭುಜಕ್ಕೆ ಕಷ್ಟವಾಗಿತ್ತು. ಅದನ್ನು ಅವರು ಆಮೇಲೆ ಒಪ್ಪಿಕೊಂಡರು.

ಅವರ ಮುಖ ಚಿಕ್ಕದಾಯಿತು. ಆ ಅಗಲದ ಚಕ್ರದ ಮೇಲೆ ಅವರಿಗೆ ಆಸೆ ಇತ್ತು. ಎಂಟು ಇಂಚಿನ ಸೆಟ್ಟನ್ನು ಇನ್ನೊಬ್ಬ ಝಡ್ ಮಾಲೀಕರಿಗೆ ಟೈರ್ ಸಮೇತ ಮಾರಿಸಿಕೊಟ್ಟೆವು. ಆ ಗಾಡಿಗೆ ಜಪಾನಿನ 240ಝಡ್‌ಜಿ ಮಾದರಿಯ ಹಾಗೆ ಫೆಂಡರಿನ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಹೊರ ಅಂಚು ಇತ್ತು. ಅಲ್ಲಿ ಆ 225 ಹೇಳಿ ಮಾಡಿಸಿದ ಹಾಗೆ ಕೂತಿತು. ಟೈರ್ ತಪ್ಪಾಗಿರಲಿಲ್ಲ, ಗಾಡಿ ಬೇರೆ ಇತ್ತು ಅಷ್ಟೇ.

ಹೊಸ ಟೈರ್ ಬಂದಾಗ ಮೊದಲು ನೋಡಿದ್ದು ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿ, ಅದು ತಯಾರಾದ ತಾರೀಖು. ಮೊದಲೆರಡು ಅಂಕಿ ವರ್ಷದ ಎಷ್ಟನೇ ವಾರ ಅಂತ, ಕೊನೆಯೆರಡು ಯಾವ ವರ್ಷ ಅಂತ. ಈ ಸೈಜುಗಳು ಗೋದಾಮಿನಲ್ಲಿ ಕೂತು ಹಳೆಯದಾಗಿರುವುದುಂಟು. ಹಳೇ ಕಾರು ವರ್ಷಕ್ಕೆ ಓಡುವುದೇ ಕಮ್ಮಿ, ಟೈರ್ ಸವೆಯುವ ಮೊದಲೇ ಗಟ್ಟಿಯಾಗಿ ಸಾಯುತ್ತದೆ. ಹಾಗಾಗಿ ಹೊಸ ತಾರೀಖಿನದೇ ಬೇಕು.

ಇಲ್ಲಿ ಹುಡುಗರನ್ನು ಕೂರಿಸಿ ಹಂಪ್ ಹಾರಿಸುವ ಹಾಗಿಲ್ಲ, ಇನ್ಶೂರೆನ್ಸಿನವರು ಬಿಡುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ 60 ಪೌಂಡಿನ ಆರು ಮರಳು ಚೀಲ ತಂದೆ. ಮೂರು ಪಕ್ಕದ ಸೀಟಿಗೆ ಬೆಲ್ಟ್ ಹಾಕಿ, ಮೂರು ಹಿಂದಕ್ಕೆ. ನೆಲದ ಮೇಲೇ ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಿದೆ. ಆಮೇಲೆ ನಮ್ಮ ಗ್ಯಾರೇಜಿನ ಹಿಂದೆ ರೈಲು ಹಳಿ ದಾಟುವ ಕಡೆ ಹೋಗಿ ಮೂರು ಸಲ ದಾಟಿಸಿದೆ, ಕಿಟಕಿ ಇಳಿಸಿ, ರೇಡಿಯೊ ಆರಿಸಿ.

ಚೀಲಗಳು ಈಗಲೂ ಟೈರ್ ಮೆಷಿನ್ ಪಕ್ಕದಲ್ಲೇ ಇವೆ. ಅಗಲದ ರಿಮ್ ಹಿಡಿದು ಯಾರಾದರೂ ಬಂದರೆ ಯಜಮಾನರು ಮೊದಲು ಅವುಗಳ ಕಡೆ ನೋಡುತ್ತಾರೆ, ಆಮೇಲೆ ನನ್ನ ಕಡೆ. ಪ್ರತಿ ಚೀಲದ ಮೇಲೂ ಮಾರ್ಕರಿನಲ್ಲಿ ಕನ್ನಡದಲ್ಲಿ 'ಹುಡುಗ' ಅಂತ ಬರೆದಿದ್ದೇನೆ. ಏನು ಬರೆದಿದ್ದೀಯ ಅಂತ ಅವರು ಇನ್ನೂ ಕೇಳಿಲ್ಲ.