ದನ ಕಾಯೋರ ಮದುವೆ

14 ಮಾರ್ಚ್ 2024, ಗುರುವಾರ ರಾತ್ರಿ
ಆಸ್ಟಿನ್

ಮಗಳು ಪುಟ್ಟಿಗೆ ಮದುವೆಗೊಂದು ಥೀಮ್ ಬೇಕಂತೆ. ಅದೂ ಕೌಬಾಯ್ ಥೀಮ್. ಬ್ಯಾಂಡೆರಾ ಹತ್ತಿರ ಒಂದು ರ‍್ಯಾಂಚ್ ನೋಡಿಟ್ಟಿದ್ದಾಳೆ, ನವೆಂಬರ್‌ಗೆ. ಜಗತ್ತಿನ ಕೌಬಾಯ್ ರಾಜಧಾನಿ ತಾನೇ ಅಂತ ಹೇಳಿಕೊಳ್ಳೋ ಊರು ಅದು. ಕುರ್ಚಿ ಬದಲು ಒಣಹುಲ್ಲಿನ ಪೆಂಡಿ, ಗಂಡಿಗೆ ಸ್ಟೆಟ್ಸನ್ ಹ್ಯಾಟು, ಇವಳಿಗೆ ರೇಷ್ಮೆ ಸೀರೆ ಕೆಳಗೆ ಬೂಟು. ಬೂಟು ಮಂಟಪದ ಹೊರಗೆ ಅಂತ ಹೇಳಿಬಿಟ್ಟಿದ್ದೇನೆ. ಹ್ಯಾಟಿನ ವಿಷಯ ಮಾತ್ರ ನನಗೂ ಗೊತ್ತಾಗಲಿಲ್ಲ. ಬೀಗರು ಫೋನ್ ಮಾಡಿ ಕೇಳಿದರು: ಪ್ರಾರ್ಥನೆ ಅಂದರೆ ನಾವು ಹ್ಯಾಟು ತೆಗೆಯುತ್ತೇವೆ, ನಿಮ್ಮಲ್ಲಿ ಹೇಗೆ? ನಮ್ಮಲ್ಲಿ ಪೇಟ ಇಲ್ಲದೆ ತಾಳಿ ಕಟ್ಟಿದರೆ ಬರಿ ತಲೆ ಅಂತಾರೆ! ಪಾಪ, ಅವರು ಅದನ್ನೂ ಬರೆದುಕೊಂಡರು.

ಈ ಸುದ್ದಿ ಅಮ್ಮನಿಗೆ ಹೇಳಬೇಕಿತ್ತಲ್ಲ. ಸಂಜೆ ತಿಪಟೂರಿಗೆ ವಿಡಿಯೋ ಕಾಲ್ ಮಾಡಿದೆ.

"ಕೌಬಾಯ್ ಅಂದ್ರೆ?"

"ದನ ಕಾಯೋರಮ್ಮ."

ಅಮ್ಮ ಒಂದು ಕ್ಷಣ ಸುಮ್ಮನಿದ್ದಳು, ಆಮೇಲೆ ನಕ್ಕಳು ನೋಡಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು. "ಅಲ್ಲ ಕಣೇ, ಲೆಕ್ಕದಲ್ಲಿ ನಂಬರ್ ಕಮ್ಮಿ ಬಂದಾಗೆಲ್ಲ ದನ ಕಾಯೋಕೆ ಹೋಗು ಅಂತ ನಿಂಗೆ ಬೈದಿದ್ದು ಸುಮ್ನೆ ದಂಡ ಆಯ್ತಲ್ಲ. ಎಂ.ಎಸ್. ಮಾಡಿಸಿ ಮೊಮ್ಮಗಳನ್ನ ಅಲ್ಲಿಗೇ ತಂದು ನಿಲ್ಲಿಸಿದ್ಯಾ?"

ನಾನು ಬಿಡಲಿಲ್ಲ. 1867ರ ಹೊತ್ತಿಗೆ ಟೆಕ್ಸಾಸ್‌ನಿಂದ ಕಾನ್ಸಾಸ್‌ನ ಅಬಿಲೀನ್‌ವರೆಗೆ ಚಿಶೋಮ್ ಟ್ರೇಲ್ ಅನ್ನೋ ದಾರಿಯಲ್ಲಿ ಸಾವಿರಾರು ದನ ಹೊಡೆದುಕೊಂಡು ಹೋಗುತ್ತಿದ್ದದ್ದು, ಎರಡು ಮೂರು ತಿಂಗಳ ದಾರಿ, ತಿಂಗಳಿಗೆ 30-40 ಡಾಲರ್ ಸಂಬಳ. ಸಿನಿಮಾದಲ್ಲಿ ಬರೀ ಬಿಳಿಯರು ಕಾಣ್ತಾರೆ, ನಿಜದಲ್ಲಿ ಕರಿಯರೂ ಮೆಕ್ಸಿಕೋದವರೂ ಬಹಳ ಜನ ಇದ್ದರು. ಹಗ್ಗ ಬೀಸೋದನ್ನ ಕಲಿಸಿದ್ದೇ ಮೆಕ್ಸಿಕೋದ ವಕೇರೋಗಳು, ವಾಕಾ ಅಂದರೆ ಸ್ಪ್ಯಾನಿಷ್‌ನಲ್ಲಿ ಹಸು, ಆ ಹೆಸರಿಗೂ ದನದೋನು ಅಂತಲೇ ಅರ್ಥ.

ಅಮ್ಮನ ಮುಖ ಬದಲಾಯಿತು. ನಗು ಹೋಯಿತು. ಅವಳಪ್ಪ ಶಿವರಾತ್ರಿಗೆ ಹಳ್ಳಿಕಾರ್ ಜೋಡಿ ಹೊಡ್ಕೊಂಡು ಸಿದ್ಧಗಂಗೆ ದನಗಳ ಜಾತ್ರೆಗೆ ನಡೆದೇ ಹೋಗುತ್ತಿದ್ದರಂತೆ. ದಾರಿಯಲ್ಲಿ ಕೆರೆ ಸಿಕ್ಕಲ್ಲಿ ನಿಲ್ಲಿಸಿ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ. ಒಂದು ವರ್ಷ ಎತ್ತು ಮಾರಿ ವಾಪಸ್ ಬಂದವರು ಎರಡು ದಿನ ಊಟ ಮಾಡಲಿಲ್ಲ, ಬರೀ ಹಗ್ಗ ಹಿಡಿದು ಜಗಲಿ ಮೇಲೆ ಕೂತಿದ್ದರು. ಇಷ್ಟು ವರ್ಷದಲ್ಲಿ ಇದನ್ನ ನಂಗೆ ಒಮ್ಮೆಯೂ ಹೇಳಿರಲಿಲ್ಲ.

"ಪುಟ್ಟಿ ಹಾಗೇ ಮಾಡ್ಕೊಳ್ಳಲಿ ಬಿಡೇ. ಒಳ್ಳೇದೇ. ನಮ್ಮ ಅಪ್ಪನೂ ಕೌಬಾಯೇ ಹಂಗಾದ್ರೆ."

ನನಗೆ ಖುಷಿಯಾಯಿತು. ಆದರೆ ಕೈಯಲ್ಲಿ ಕೇಟರಿಂಗ್‌ನವನ ಪಟ್ಟಿ ಇತ್ತು. ನಮ್ಮ ಕಡೆಗೆ ಒಬ್ಬಟ್ಟು, ಚಿತ್ರಾನ್ನ, ಎಲ್ಲ ಸರಿ. ಬೀಗರ ಕಡೆಗೆ ಬ್ರಿಸ್ಕೆಟ್, ಅಂದರೆ ದನದ ಎದೆಯ ಮಾಂಸ, ರಾತ್ರಿಯಿಡೀ ಹೊಗೆಯಲ್ಲಿ ಬೇಯಿಸಿದ್ದು. ಅದಿಲ್ಲದೆ ಟೆಕ್ಸಾಸ್‌ನಲ್ಲಿ ಇಂಥ ಮದುವೆಯೇ ಇಲ್ಲ ಅಂತಾರೆ, ಅವರ ಮಗನ ಮದುವೆ, ಬೇಡ ಅನ್ನೋಕೆ ನಾನ್ಯಾರು? ಎರಡು ಟೆಂಟು ಹಾಕಿಸೋಣ ಅಂತ ಇವರು. ಗಾಳಿಗೆ ಟೆಂಟ್ ಲೆಕ್ಕ ಇರುತ್ತಾ?

ಅಷ್ಟರಲ್ಲಿ ಅಮ್ಮ ಕೇಳಿದಳು, "ಅಷ್ಟು ದೂರ ನಡೆಸ್ಕೊಂಡು ಹೋಗಿ ಆ ದನಗಳನ್ನ ಏನ್ ಮಾಡ್ತಿದ್ರು? ಉಳೋಕಾ?"

"ರೈಲು ಹತ್ತಿಸ್ತಿದ್ರು ಅಮ್ಮ."

"ರೈಲು ಹತ್ತಿಸಿ?"

ನೆಟ್‌ವರ್ಕ್ ಸರಿ ಇಲ್ಲ ಅಂದೆ. ಸೋಮವಾರದೊಳಗೆ ಪಟ್ಟಿ ವಾಪಸ್ ಕೊಡಬೇಕು, ಅಮ್ಮನಿಗೆ ವೀಸಾ ಬಂದರೆ ಅವಳನ್ನ ಯಾವ ಕಡೆ ಕೂರಿಸೋದು ಅಂತ